ಕಾವಲುಗಾರ ಊಟಕ್ಕೆ ಹೋದಾಗ

ಎಲ್ಲರಿಗೂ ನಮಸ್ಕಾರ. ದುರ್ಗದಲ್ಲಿ ನಿಂತು ದುರ್ಗದವರಿಗೇ ಓಬವ್ವನ ಕಥೆ ಹೇಳುವುದು ಅಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅದಕ್ಕೇ ಕಥೆ ಹೇಳುವುದಿಲ್ಲ. ಕಿಂಡಿ ಗೊತ್ತು, ಒನಕೆ ಗೊತ್ತು, ಹೈದರಾಲಿ ಗೊತ್ತು. ಆ ಕಿಂಡಿ ಪಕ್ಕದಲ್ಲೇ ನಿಂತು ನಾಟಕ ಆಡಿದರೆ ಏನಾಗುತ್ತದೆ, ಅದನ್ನು ಹೇಳುತ್ತೇನೆ.

ಇವತ್ತು ಏಪ್ರಿಲ್ 18, ವಿಶ್ವ ಪರಂಪರೆ ದಿನ. ಬೆಳಗ್ಗೆಯಿಂದ ಮೂರು ಭಾಷಣ ಆಗಿವೆ. ಮೂರರಲ್ಲೂ ಒಂದು ಮಾತು ಬಂತು. ಕೋಟೆಗೆ ಒಳ್ಳೆಯ ಲೈಟ್ ಅಂಡ್ ಸೌಂಡ್ ಶೋ ಬೇಕು, ಲೇಸರ್ ಬೇಕು, ಬಂಡೆ ಮೇಲೆ ಮದಕರಿ ನಾಯಕ ತೆಂಗಿನಮರದಷ್ಟು ಎತ್ತರಕ್ಕೆ ಕಾಣಬೇಕು. ಕಾಣಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಶೋ ನಡೆಯುವಾಗ ಒಮ್ಮೆ ಬಂಡೆ ಬಿಟ್ಟು ಜನರನ್ನು ನೋಡಿ. ಕುರ್ಚಿಯಲ್ಲಿ ಕೂತಿರುತ್ತಾರೆ, ಕೈ ತೊಡೆ ಮೇಲೆ. ಐದು ನಿಮಿಷ ಆದರೆ ಆ ಕೈ ತಾನಾಗಿ ಫೋನಿಗೆ ಹೋಗುತ್ತದೆ. ನಾನು ಐದು ಅಂಶ ಬರೆದುಕೊಂಡು ಬಂದಿದ್ದೇನೆ, ನಿಜ ಹೇಳಬೇಕೆಂದರೆ ಐದರಲ್ಲೂ ಇರುವುದು ಒಂದೇ ಮಾತು: ಬಂದವರ ಕೈಗೆ ಏನಾದರೂ ಕೊಡಿ.

ನಾವು ಮಾಡುವುದು ದೊಡ್ಡದೇನಲ್ಲ. ಎಂಟು ಜನ ನಟರು. ವೇದಿಕೆ ಇಲ್ಲ, ಮೈಕ್ ಇಲ್ಲ. ಇಪ್ಪತ್ತೈದು ಜನರ ಗುಂಪಿನ ಜೊತೆ ಮೇಲಕ್ಕೆ ಹತ್ತುತ್ತೇವೆ. ಬಾಗಿಲಲ್ಲಿ ಒಬ್ಬ ತಡೆಯುತ್ತಾನೆ. "ಯಾವೂರು? ಯಾರ ಕಡೆಯೋರು? ಚೀಲದಾಗೇನೈತೆ?" ಉತ್ತರ ಕೊಟ್ಟರೆ ಒಳಗೆ, ಇಲ್ಲವಾದರೆ ಅಲ್ಲೇ ನಿಲ್ಲಿ. ಬೆಂಗಳೂರಿನಿಂದ ಬಂದ ಒಬ್ಬರು ಟಿಕೆಟ್ ತೋರಿಸಿದರು. ನಮ್ಮವನು ಅದನ್ನು ಮೂಸಿ ನೋಡಿ ವಾಪಸ್ ಕೊಟ್ಟ.

ಅಕ್ಕ ತಂಗಿ ಹೊಂಡದ ಹತ್ತಿರ ನೀರು ಹೊರುವ ಹೆಂಗಸು ಸಿಗುತ್ತಾಳೆ. ಮೊದಲ ಸಲ ಆಡಿದಾಗ ಅವಳ ಕೊಡ ಖಾಲಿ ಇತ್ತು. ನಾಟಕದಲ್ಲಿ ಕೊಡ ಖಾಲಿಯೇ ಇರುತ್ತದೆ, ಅಲ್ವಾ? ನಟಿ ಸೊಂಟ ಬಳುಕಿಸಿ ಭಾರ ತೋರಿಸಿದಳು, ಚೆನ್ನಾಗಿಯೇ ತೋರಿಸಿದಳು. ಒಬ್ಬ ಹುಡುಗಿ ಓಡಿಬಂದು ಕೊಡ ಎತ್ತಿ ನೋಡಿ, "ಅಮ್ಮಾ, ಇದ್ರಲ್ಲಿ ಏನೂ ಇಲ್ಲ" ಅಂದಳು. ನಾಟಕ ಅಲ್ಲೇ ಮುಗಿಯಿತು. ಆಮೇಲಿಂದ ತುಂಬಿದ ಕೊಡ. ನೀರು ನಾವೇ ಕೆಳಗಿನಿಂದ ಹೊತ್ತು ತರುತ್ತೇವೆ, ಹೊಂಡ ಮುಟ್ಟುವುದಿಲ್ಲ. ಹತ್ತು ಲೀಟರ್ ಅಂದರೆ ಹತ್ತು ಕೆಜಿ, ಮೇಲೆ ಹಿತ್ತಾಳೆಯ ತೂಕ ಬೇರೆ. ಅದನ್ನು ಬಂದವರ ಸೊಂಟಕ್ಕೆ ಕೊಟ್ಟು "ನಡೀರಿ" ಅನ್ನುತ್ತೇವೆ. ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಪ್ರಶ್ನೆ ಬರುತ್ತದೆ, "ದಿನಕ್ಕೆ ಎಷ್ಟು ಸಲ ಹೊರಬೇಕಿತ್ತು?" ಆಗ ಹೇಳಬಹುದು, ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಹರಿದು, ಹಾಗೇ ಇಳಿದಿಳಿದು ಸಂತೆ ಹೊಂಡದವರೆಗೆ ಹೇಗೆ ಬರುತ್ತದೆ ಅಂತ. ಸೊಂಟ ನೋಯುತ್ತಿರುವಾಗ ಕೇಳಿದ ಈ ವಿಷಯ ಮರೆಯುವುದಿಲ್ಲ. ಇದೇ ಬೋರ್ಡಿನಲ್ಲೂ ಬರೆದಿರಬಹುದು, ಬೋರ್ಡ್ ಓದುವವರು ಯಾರು?

ಈಗ ಅಜ್ಜಿ ವಿಷಯಕ್ಕೆ ಬರುತ್ತೇನೆ. ನಮ್ಮ ಗುಂಪಿನವರು ಹಿಂದೆ ಕೂತು ನಗುತ್ತಿದ್ದಾರೆ, ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ ಅಂತ. ಹೇಳದೆ ಇರಲು ಆಗುವುದಿಲ್ಲ, ಕ್ಷಮಿಸಿ.

ಒಂದು ಭಾನುವಾರ. ಹಳ್ಳಿ ಕಡೆಯ ಒಂದು ಕುಟುಂಬ ಬಂದಿತ್ತು, ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಕಿಂಡಿ ಹತ್ತಿರ ನಮ್ಮ ಕಾವಲುಗಾರ ಹೊಟ್ಟೆ ಹಿಡಿದುಕೊಂಡು ಜನರನ್ನು ಕೇಳುತ್ತಾನೆ, "ಮನೀಗ್ ಹೋಗಿ ಉಂಡು ಬರ್ಲಾ, ಬ್ಯಾಡ್ವಾ?" ಎಲ್ಲರಿಗೂ ಕಥೆ ಗೊತ್ತಲ್ಲ, "ಬೇಡ ಬೇಡ, ಹೈದರ್ ಬರ್ತಾನೆ" ಅಂತ ಕೂಗುತ್ತಾರೆ. ಅವನು ಹಸಿವು ತಡೆಯದೆ ಹೋಗುತ್ತಾನೆ. ಇದು ನಮ್ಮ ಲೆಕ್ಕ. ಆವತ್ತೂ ಎಲ್ಲರೂ ಕೂಗಿದರು. ಅಜ್ಜಿ ಮಾತ್ರ ಮುಂದೆ ಬಂದು, "ಹೋಗಪ್ಪ, ಉಂಡ್ಕಂಡ್ ಬಾ. ಎಷ್ಟೊತ್ ಅಂತ ಹಸ್ಕಂಡ್ ನಿಂತಿರ್ತೀಯ? ನಾ ನೋಡ್ಕಂತೀನಿ" ಅಂದರು. ಅಂದು ಸುಮ್ನಾಗಲಿಲ್ಲ. ಕೈಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಂಡಿ ಎದುರಿನ ಕಲ್ಲಿನ ಮೇಲೆ ಕೂತುಬಿಟ್ಟರು.

ಕಥೆಯೇ ನಿಂತುಹೋಯಿತು. ಕಾವಲಿಗೆ ಆಳು ಇದೆ, ಇನ್ನು ಓಬವ್ವನಿಗೇನು ಕೆಲಸ? ನಮ್ಮ ಕಾವಲುಗಾರ ಹೋಗಿ ನಿಜವಾಗಿ ಊಟಕ್ಕೆ ಕೂತ. (ಅವನ ಮುದ್ದೆಯನ್ನು ಕೋತಿ ಎತ್ತಿಕೊಂಡು ಹೋಯಿತು. ಅದು ಬೇರೆ ಕಥೆ. ಕೋತಿಗಳ ಜೊತೆ ರಿಹರ್ಸಲ್ ಮಾಡಲು ಆಗುವುದಿಲ್ಲ.) ಕಿಂಡಿಯೊಳಗೆ ನಮ್ಮ ಸೈನಿಕ ಇದ್ದ, ಮೊದಲ ವರ್ಷದ ಡಿಗ್ರಿ ಹುಡುಗ. ಹೊರಗೆ ಏನಾಗಿದೆ ಅಂತ ಅವನಿಗೆ ಗೊತ್ತಿಲ್ಲ. ಸಮಯಕ್ಕೆ ಸರಿಯಾಗಿ ತಲೆ ಹೊರಗೆ ಹಾಕಿದ. ಎದುರಿಗೆ ಅಜ್ಜಿ.

"ಯಾರೋ ನೀನು? ಯಾವೂರು?"

ಅವನಿಗೆ ಮಾತು ಮರೆತುಹೋಯಿತು. "ಹೊಸದುರ್ಗ, ಅಜ್ಜಿ" ಅಂದ.

ಹೈದರನ ಸೈನಿಕ ಹೊಸದುರ್ಗದವನಾಗಿಬಿಟ್ಟ! ಜನ ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. "ಹೊಸದುರ್ಗದೋನು ಬಾಗ್ಲಾಗ್ ಬರ್ಬಾರ್ದಾ? ಕಳ್ಳನಂಗೆ ಇಲ್ಯಾಕ್ ತೂರ್ತೀಯ?"

ಅಷ್ಟರಲ್ಲಿ ಓಬವ್ವ ಬಂದಳು. ನಮ್ಮ ಹುಡುಗಿ ಹುಟ್ಟಿದ್ದೇ ಮಿಕ್ಸಿ ಕಾಲದಲ್ಲಿ. ನಮ್ಮೆಲ್ಲರ ತಲೆಯಲ್ಲೂ ಓಬವ್ವ ಅಂದರೆ ಸಿನಿಮಾದ ಜಯಂತಿಯವರೇ, ಅವಳಿಗೂ ಹಾಗೇ. ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕ್ರಿಕೆಟ್ ಬ್ಯಾಟಿನ ಹಾಗೆ ಬೀಸಲು ಹೋದಳು. ಅಜ್ಜಿ ಎದ್ದು ಒನಕೆ ಕಿತ್ತುಕೊಂಡರು. "ಹಿಂಗಲ್ಲವ್ವ. ಒನಕೆ ಬೀಸಾದಲ್ಲ, ಕುಟ್ಟಾದು." ನಡುವಿಗಿಂತ ಒಂದು ಗೇಣು ಮೇಲೆ ಹಿಡಿದರು. ನೆಟ್ಟಗೆ ಎತ್ತಿದರು, ಕೈ ಸಡಿಲ ಬಿಟ್ಟರು, ಅದು ಬಿದ್ದು ಏಳುವಾಗ ಇನ್ನೊಂದು ಕೈಯಲ್ಲಿ ಹಿಡಿದರು. ಮತ್ತೆ ಎತ್ತಿದರು. ತುದಿಯ ಕಬ್ಬಿಣದ ಬಳೆ ಕೆಳಗೆ ಹಾಸಿದ್ದ ನಮ್ಮ ಗೋಣಿತಾಟಿನ ಮೇಲೆ ದಪ್ ದಪ್ ಅನ್ನುತ್ತಿತ್ತು. ಆ ವಯಸ್ಸಿನಲ್ಲೂ ಉಸಿರು ಏರಲಿಲ್ಲ. "ತ್ರಾಣ ಹಾಕ್ಬಾರ್ದು. ಒನಕೆ ಭಾರನೇ ಕೆಲ್ಸ ಮಾಡ್ತೈತೆ."

ಆಗ ನಾನು ಸುತ್ತ ನೋಡಿದೆ. ಎರಡು ಬಂಡೆ ನಡುವೆ ಎಷ್ಟು ಜಾಗ ಇದೆ ಅಂತ ನಿಮಗೆ ಗೊತ್ತು. ಅಲ್ಲಿ ಒನಕೆ ಬೀಸಲು ಆಗುವುದೇ ಇಲ್ಲ, ಬೀಸಿದರೆ ಕಲ್ಲಿಗೆ ತಾಗುತ್ತದೆ. ಕುಟ್ಟಬಹುದು, ಅಷ್ಟೇ. ತಲೆ ಹೊರಗೆ ಬರುತ್ತದೆ, ಒನಕೆ ಮೇಲಿನಿಂದ ಬೀಳುತ್ತದೆ. ನಾವು ಹಾಲ್‌ನಲ್ಲಿ ಮೂರು ತಿಂಗಳು ರಿಹರ್ಸಲ್ ಮಾಡಿದ್ದೆವು, ಇದು ಒಬ್ಬರಿಗೂ ಹೊಳೆದಿರಲಿಲ್ಲ. ಓಬವ್ವ ಹೇಗೆ ಹೊಡೆದಿರಬಹುದು ಅನ್ನುವುದು ಅಜ್ಜಿಯ ಕೈಗೆ ಗೊತ್ತಿತ್ತು. ಆ ಕೈಗೆ ಒನಕೆ ಸಿಕ್ಕಿದ್ದರಿಂದ ನಮಗೂ ಗೊತ್ತಾಯಿತು.

ಇದೆಲ್ಲ ಹೊರದೇಶದ ಐಡಿಯಾ ಅಂತ ಒಬ್ಬರು ನನಗೆ ಹೇಳಿದರು, ಇಂಟರಾಕ್ಟಿವ್ ಅಂತ ಹೆಸರಿಟ್ಟಿದ್ದಕ್ಕೆ ಇರಬೇಕು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲೇ ಸ್ಕಾನ್ಸೆನ್ ಅನ್ನುವ ಬಯಲು ಮ್ಯೂಸಿಯಂ ಮಾಡಿ, ಹಳೆಯ ಮನೆಗಳನ್ನು ತಂದು ನಿಲ್ಲಿಸಿ, ಹಳೆಯ ಉಡುಪಿನ ಜನರನ್ನು ಅದರಲ್ಲಿ ಇಟ್ಟರು, ಅದು ನಿಜ. ಆದರೆ ನಮ್ಮ ಹಗಲುವೇಷದವರು? ವೇಷ ಹಾಕಿಕೊಂಡು ಹಾಡುಹಗಲಲ್ಲಿ ನಿಮ್ಮ ಜಗಲಿಗೇ ಬಂದು, ನಿಮ್ಮನ್ನೇ ಮಾತಿಗೆ ಎಳೆದು, ಅಕ್ಕಿ ಹಾಕಿಸಿಕೊಂಡು ಹೋಗುತ್ತಿದ್ದರಲ್ಲ! ತಾಳಮದ್ದಳೆಯ ಅರ್ಥಧಾರಿಗೆ ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆಯೇ? ನಮಗೆ ಬೇಕಾಗಿರುವ ತರಬೇತಿ ಅದು. ಕೋಟೆಯಲ್ಲಿ ಆಡುವ ನಟನಿಗೆ ಬಾಯಿಪಾಠಕ್ಕಿಂತ ಆ ಕಾಲದ ಬದುಕು ಜಾಸ್ತಿ ಗೊತ್ತಿರಬೇಕು. ಮಕ್ಕಳು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ಕಕ್ಕಸಿಗೆ ಎಲ್ಲಿಗೆ ಹೋಗ್ತಿದ್ರಿ?"

ದಿಲ್ಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು 1963ರಲ್ಲಿ ಫಿರೋಜ್ ಶಾ ಕೋಟ್ಲಾದ ಪಾಳುಗೋಡೆಗಳ ನಡುವೆ ನಾಟಕ ಮಾಡಿಸಿದರು. ಆಮೇಲೆ ನಮ್ಮ ಕಾರ್ನಾಡರ ತುಘಲಕ್ ಪುರಾನಾ ಕಿಲಾದಲ್ಲಿ ನಡೆಯಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅಲ್ಲಿ ಗೋಡೆಗಳಿಗೆ ಕೆಲಸ ಸಿಕ್ಕಿತು, ಪ್ರೇಕ್ಷಕ ಕೂತೇ ಇದ್ದ. ಸರಿ, ಮತ್ತೆ ಅದಕ್ಕೇ ಬಂದೆ.

ಈ ಕೈಗೆ ಕೊಡುವ ವಾದಕ್ಕೆ ನಾನೇ ಒಂದು ಬೇಲಿ ಹಾಕುತ್ತೇನೆ. ಇನ್ನೊಂದು ದಿನ ಒಂದು ದೊಡ್ಡ ಗುಂಪು ಬಂದಿತ್ತು. ಒಬ್ಬ ಹುಡುಗ ಒನಕೆ ಕೊಡಿ ಅಂತ ಹಟ ಹಿಡಿದ. ಕೊಟ್ಟೆವು. ಕಿಂಡಿಯಿಂದ ಸೈನಿಕ ತಲೆ ಹಾಕಿದ. ಸುತ್ತ ನಿಂತವರು "ಹೊಡಿ, ಹೊಡಿ" ಅಂತ ಶುರು ಮಾಡಿದರು. ಮೊದಲು ತಮಾಷೆಗೆ, ಆಮೇಲೆ ಅದರ ದನಿಯೇ ಬದಲಾಯಿತು. ಆ ದನಿ ನನಗೆ ಇಷ್ಟ ಆಗಲಿಲ್ಲ. ನಮ್ಮ ಹೊಸದುರ್ಗದ ಹುಡುಗ ಆವತ್ತು ಹೆದರಿದ್ದ, ಆಮೇಲೆ ಹೇಳಿದ.

ಅಮೆರಿಕದ ವರ್ಜೀನಿಯಾದಲ್ಲಿ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಅಂತ ಹಳೆಯ ಪಟ್ಟಣವೊಂದನ್ನೇ ಉಳಿಸಿ ಇಟ್ಟಿದ್ದಾರೆ. 1994ರ ಅಕ್ಟೋಬರ್‌ನಲ್ಲಿ ಅಲ್ಲಿ ಗುಲಾಮರ ಹರಾಜನ್ನು ಬೀದಿಯಲ್ಲೇ ಆಡಿ ತೋರಿಸಿದರು. ಮಾಡಿಸಿದ್ದು ಕಪ್ಪು ಜನಾಂಗದ ಸಿಬ್ಬಂದಿಯೇ. ಆ ವಿಭಾಗದ ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್ ತಾವೇ ಹರಾಜಿಗೆ ನಿಂತ ಹೆಂಗಸಿನ ಪಾತ್ರ ಮಾಡಿದರು. ನಮ್ಮ ನೋವನ್ನು ಆಟ ಮಾಡುತ್ತೀರಾ ಅಂತ ದೊಡ್ಡ ಪ್ರತಿಭಟನೆ ಆಯಿತು. ವಿರೋಧಿಸಲು ಬಂದ ಮುಖಂಡರಲ್ಲಿ ಒಬ್ಬರು ನೋಡಿದ ಮೇಲೆ ಮನಸ್ಸು ಬದಲಿಸಿದರು. ಇಲ್ಲಿ ಯೋಚಿಸಿ, ಆ ಹರಾಜಿನಲ್ಲಿ ನೋಡಲು ಬಂದವನ ಕೈಗೆ ಏನು ಕೊಡುತ್ತೀರಿ? ಬೆಲೆ ಕೂಗು ಅನ್ನುತ್ತೀರಾ?

ಅದಕ್ಕೇ ನಾವು ಈಗ ಕೊಡ ಕೊಡುತ್ತೇವೆ, ಒನಕೆ ಕೊಡುವುದಿಲ್ಲ. (ಅಜ್ಜಿಗೆ ನಾವು ಕೊಟ್ಟಿದ್ದಲ್ಲ, ಅವರೇ ಕಿತ್ತುಕೊಂಡಿದ್ದು.) ಇನ್ನೊಂದು ಬದಲಾವಣೆ ಏನೆಂದರೆ, ಏಟು ಬಿದ್ದ ಸೈನಿಕ ಎದ್ದು ಬಂದು ಜನರ ನಡುವೆಯೇ ಕೂರುತ್ತಾನೆ. ನಾನು ಯಾವ ಊರಿನವನು, ಬಿತ್ತನೆ ಬಿಟ್ಟು ಯಾಕೆ ಬಂದೆ ಅಂತ ಹೇಳುತ್ತಾನೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ಎದ್ದು ಹೋದವರೂ ಇದ್ದಾರೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡನೆಯ ಚೀಟಿ. ನಾನಿನ್ನೂ ಮೂರನೆಯ ಅಂಶದಲ್ಲಿದ್ದೇನೆ. ಬೇಗ ಮುಗಿಸುತ್ತೇನೆ.

ಮೂರು, ಗೊತ್ತಿರುವುದನ್ನೂ ಕೇಳಿ ಬಂದದ್ದನ್ನೂ ಬೆರೆಸಬೇಡಿ. 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಇದು ಇತಿಹಾಸ. ಓಬವ್ವ ಬಾಯಿಂದ ಬಾಯಿಗೆ ಬಂದವಳು. ಆಟ ಮುಗಿದ ಮೇಲೆ ವೇಷ ಕಳಚಿ, ಜನರ ಎದುರಿಗೇ ಇದನ್ನು ಹೇಳುತ್ತೇವೆ. ಹೇಳಿದರೆ ಅವಳ ಮರ್ಯಾದೆ ಕಡಿಮೆ ಆಗುವುದಿಲ್ಲ. ಇಲ್ಲಿಯವರೆಗೆ ಒಬ್ಬರೂ ಜಗಳ ಮಾಡಿಲ್ಲ.

ನಾಲ್ಕು, ಕಲ್ಲು. ಮೊಳೆ ಹೊಡೆಯಬೇಡಿ, ಬಣ್ಣ ಬಳಿಯಬೇಡಿ, ಪಂಜು ಹಚ್ಚಬೇಡಿ, ಹೊಗೆ ಕೂತರೆ ಹೋಗುವುದಿಲ್ಲ. ಗೋಣಿತಾಟು ಹಾಸಿ. ಅನುಮತಿ ಪತ್ರದ ಕಥೆ ಇಲ್ಲಿ ಬೇಡ, ಟೀ ಕುಡಿಯುವಾಗ ಕೇಳಿ, ಅದಕ್ಕೆ ಎರಡು ಟೀ ಬೇಕಾಗುತ್ತದೆ.

ಐದು, ದುಡ್ಡು. ಇಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಎಂಟಕ್ಕೆ ಕೆಳಗಿನ ಬಾಗಿಲ ಹತ್ತಿರ ಇರುತ್ತೇವೆ. ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ. ತಿಂಡಿ ಚೀಲದ ಒಳಗೇ ಇರಲಿ, ಕೋತಿಗಳು ಹೊಸದಾಗಿ ಜಿಪ್ ತೆಗೆಯುವುದನ್ನೂ ಕಲಿತಿವೆ. ಮನೆಯಲ್ಲಿ ಅಜ್ಜಿ ಇದ್ದರೆ ಕರೆದುಕೊಂಡು ಬನ್ನಿ, ಮೆಟ್ಟಿಲಿಗೆ ನಮ್ಮ ಸೈನಿಕ ಕೈ ಹಿಡಿದುಕೊಳ್ಳುತ್ತಾನೆ.