ತಳಿ ಬೈಯೋದು ಬಿಡ್ರಿ, ತೊಟ್ಟು ನೋಡ್ರಿ

ನಮಸ್ಕಾರ್ರೀ, ಗೋವಾದ ಮಾಪ್ಸಾದಿಂದ ಮಾತಾಡ್ಲಿಕತ್ತೇನಿ. ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: ‘ದೊಣ್ಣ ಮೆಣಸಿನಕಾಯಿ ಕೊಳಿಯೋದು ತಳಿ ತಪ್ಪು, ಬೀಜ ಬದಲ ಮಾಡ್ರಿ.’ ಅದಕ್ಕ ಮಂದಿ ಸಾಲುಗಟ್ಟಿ ಲೈಕ್ ಬ್ಯಾರೆ ಒತ್ಯಾರ! ತಳಿ ಅಲ್ರೀ, ತೊಟ್ಟು.

ಕೊಳೆ ಹತ್ತಿದ ಕಾಯಿ ಕೈಯಾಗ ಹಿಡೀರಿ. ತೊಟ್ಟಿನ ಬಾಜೂಕ ಹೆಬ್ಬೆಟ್ಟು ಒತ್ತರಿ. ಮ್ಯಾಲಿನ ಸಿಪ್ಪಿ ಇನ್ನೂ ಹೊಳೀತಿರ್ತೈತಿ, ಒಳಗ ಮಾತ್ರ ಬೆರಳು ಇಳದ ಬಿಡ್ತೈತಿ. ತೊಟ್ಟು ಜಗ್ಗಿದ್ರ ಲೋಳಿ ಸಮೇತ ಕೈಗೇ ಬರ್ತೈತಿ, ಗಬ್ಬುನಾತ. ಇದು ಪೆಕ್ಟೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾದ ಕೆಲಸ. ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋ ಪೆಕ್ಟಿನ್ ಕರಗಿಸ್ತೈತಿ, ಗಾರೆ ಹೋದ ಗ್ವಾಡಿ ಹಂಗ ಕಾಯಿ ಕುಸೀತೈತಿ. ಆದ್ರ ಗಟ್ಟಿ ಸಿಪ್ಪಿ ಸೀಳಿ ಒಳಗ ಹೋಗೋ ತಾಕತ್ತು ಅದಕ್ಕಿಲ್ಲ, ಗಾಯ ಬೇಕು. ಪ್ರತಿ ಕಾಯಿಗೂ ತಪ್ಪದ ಇರೋ ಗಾಯ ಯಾವುದು? ನಾವು ಕೊಯ್ದ ತೊಟ್ಟು!

ಅದರ ಮ್ಯಾಲೆ ನೀರು. ಮಧ್ಯಾಹ್ನ ಕೊಯ್ದ ಕಾಯಿ ಒಳಗ 32 ಡಿಗ್ರಿ ಇರ್ತೈತಿ ಅನ್ರಿ. ಅದನ್ನ ಬಾವಿಯ ತಣ್ಣನ ನೀರಾಗ ಮುಳುಗಿಸ್ತೀರಿ. ಒಳಗಿನ ಗಾಳಿ ಕುಗ್ಗತೈತಿ, ಕಾಯಿ ಆ ತೊಟ್ಟಿನಿಂದನ ನೀರು ಹೀರತೈತಿ, ನೀರಿನ ಜೋಡಿ ಬ್ಯಾಕ್ಟೀರಿಯಾನೂ. ತೊಳೀಲೇಬೇಕಂದ್ರ ನೀರು ಕಾಯಿಗಿಂತ 5 ಡಿಗ್ರಿ ಬೆಚ್ಚಗಿರ್ಲಿ. ಕ್ಲೋರಿನ್ 100ರಿಂದ 150 ಪಿಪಿಎಂ (ಅಂದ್ರ ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು), ಪಿಎಚ್ ಅಂದ್ರ ನೀರಿನ ಹುಳಿ-ಕ್ಷಾರದ ಅಳತಿ 6.5ರಿಂದ 7.5. ನೀರಾಗ ಮಣ್ಣು, ಎಲಿಚೂರು ಕೂಡಿದಂಗ ಕ್ಲೋರಿನ್ ಖರ್ಚಾಗಿ ಹೋಗ್ತೈತಿ, ಅಳೀತಾ ಇರ್ರಿ. ಒಮ್ಮೆ ಒಳಗ ಹೊಕ್ಕ ಬ್ಯಾಕ್ಟೀರಿಯಾಕ್ಕ ಯಾವ ಕ್ಲೋರಿನ್ನೂ ಮುಟ್ಟೂದಿಲ್ಲ.

‘ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ದೊಣ್ಣ ಮೆಣಸಿನ ತಳಿ ಅರ್ಕಾ ಗೌರವ್ ಬ್ಯಾಕ್ಟೀರಿಯಾ ತಡೀತೈತಲ್ಲ?’ ತಡೀತೈತಿ. ಯಾವ ಬ್ಯಾಕ್ಟೀರಿಯಾ? ಹೊಲದಾಗ ಗಿಡ ಬಾಡಿಸೋ ರಾಲ್‌ಸ್ಟೋನಿಯಾ. ಕಳ್ಳನ ಬ್ಯಾರೆ, ಬಾಗಲಾನೂ ಬ್ಯಾರೆ. ತಳಿಯಿಂದ ತಳಿಗೆ ಫರಕ್ ಇಲ್ಲ ಅಂತ ನಾ ಅನ್ನೂದಿಲ್ಲ. ತೊಟ್ಟಿನ ಸುತ್ತ ತಗ್ಗು ಆಳ ಇರೋ ಕಾಯ್ಯಾಗ ನೀರು ನಿಲ್ತೈತಿ, ಬೇಗ ಆರೂದಿಲ್ಲ. ಹಂಗಂದ್ರೂ ಮತ್ತ ತೊಟ್ಟಿಗೇ ಬಂತಲ್ರೀ ಮಾತು!

ಹರಿತ ಚಾಕುಲೆ ಕೊಯ್ರಿ, ಜಗ್ಗಿ ಕೀಳಬ್ಯಾಡ್ರಿ. ಇಬ್ಬನಿ ಆರಿದ ಮ್ಯಾಲೇ ಕೊಯ್ರಿ. ಚಾಕು ಆಗಾಗ ಸೋಂಕುನಾಶಕದಾಗ ಅದ್ದರಿ. ಕೊಯ್ದಿದ್ದನ್ನ ಬಿಸಲಾಗ ಇಡಬ್ಯಾಡ್ರಿ, ಲಗೂನ 7ರಿಂದ 10 ಡಿಗ್ರಿಗೆ ಇಳಸ್ರಿ. 7ಕ್ಕಿಂತ ಕೆಳಗ ಹೋದ್ರ ಚಳಿಗೆ ಸಿಪ್ಪಿ ಕುಳಿಬೀಳತೈತಿ, ಅದೂ ಒಂದು ಗಾಯನ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿಯೋ ಲಾರ್‍ಯಾಗ ತೊಯ್ದ ಕಾಯಿ ತುಂಬಿ ತಾಡಪತ್ರಿ ಬಿಗೀತಾರ. 25ರಿಂದ 30 ಡಿಗ್ರಿ, ಮ್ಯಾಲೆ ತೇವ, ಈ ಬ್ಯಾಕ್ಟೀರಿಯಾಕ್ಕ ಇನ್ನೇನು ಬೇಕು? ಮ್ಯಾಲಿನ ಕ್ರೇಟಿನ್ಯಾಗ ಒಂದು ಕೊಳತ್ರ ಅದರ ರಸ ಕೆಳಗಿನ ಕ್ರೇಟಿಗೆ ತೊಟ್ಟಿಕ್ಕತೈತಿ, ಇಲ್ಲಿ ಬಿಚ್ಚಿದಾಗ ಬೈಗುಳ ಬೀಜಕ್ಕ!

ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ಘಂಟಿ ಒತ್ತರಿ, ಮಡಗಾಂವ, ವಾಸ್ಕೋದಾಗ ಕಾಯಿಪಲ್ಲೆ ಮಾರೋ ನಮ್ಮ ಮಂದಿಗೆ ಇದನ್ನ ಕಳಸ್ರಿ. ಮುಂದಿನ ವಾರ ಟೊಮೇಟೊ. ಮತ್ತ ಕಮೆಂಟಿನ್ಯಾಗ ‘ತಳಿ’ ಅಂತ ಬರಿಯೋರು ಮೊದಲ ಆ ಕಾಯಿ ತೊಟ್ಟಿನ ಕಡೆಯಿಂದ ಸೀಳಿ ಫೋಟೋ ಹಾಕ್ರಿ. ಹೊಳಪಿಗಂತ ತಂಬಿಗಿಲೆ ನೀರು ಚಿಮುಕಸೋರು ನೀವೂ ಕೇಳ್ರಿ, ಆ ತಂಬಗಿ ಈಗ ಕೆಳಗ ಇಡ್ರಿ!