ಮೊದಲು ಬಟ್ಟೆಯನ್ನು ಅಳೆಯಿರಿ

ಗೆಳೆಯರೇ, ಅಗ್ನಿಶಾಮಕ ಸೇವಾ ದಿನವಾದ ಏಪ್ರಿಲ್ 14ರ ಮಹತ್ವವನ್ನು ಇಲ್ಲಿರುವ ಅಗ್ನಿಶಾಮಕ ಸಿಬ್ಬಂದಿಗೆ ನಾನು ಹೇಳಬೇಕಾಗಿಲ್ಲ. 1944ರ ಆ ದಿನ ಮುಂಬೈ ಬಂದರಿನಲ್ಲಿ ಸಿಡಿದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಮದ್ದುಗುಂಡಿನ ಜೊತೆಗೇ ಹತ್ತಿಯ ಅಂಡಿಗೆಗಳೂ ಇದ್ದವು. ಹತ್ತಿ ಹೊರಗೆ ತಣ್ಣಗೆ ಕಂಡರೂ ಒಳಗೊಳಗೇ ಕೆಂಡವಾಗುತ್ತದೆ. ಗಿರಣಿಯ ಸಿಳ್ಳೆ ಕೇಳಿ ಬೆಳೆದ ದಾವಣಗೆರೆಯವರಿಗೆ ಇದು ಹೊಸದಲ್ಲ.

ನಮ್ಮ ಅಜ್ಜನ ಚಕಮಕಿಯ ಮಾತು ಹೇಳದೆ ಮುಂದೆ ಹೋಗಲಾರೆ. ಸಂಚಿಯಲ್ಲಿ ಬೆಣಚುಕಲ್ಲು, ಉಕ್ಕಿನ ತುಂಡು, ಒಂದು ಹಿಡಿ ಅರಳೆ. ಆ ಅರಳೆಯನ್ನು ಅಜ್ಜಿ ಒಲೆಬೂದಿಯ ತಿಳಿನೀರಲ್ಲಿ ಅದ್ದಿ ಒಣಗಿಸಿ ಕೊಡುತ್ತಿದ್ದಳು. ಒಮ್ಮೆ ಬೂದಿನೀರು ಮರೆತು, ಬರೀ ತೊಳೆದ ಅರಳೆ ಕೊಟ್ಟಳು. ಹೊಲದ ಬದುವಿನಲ್ಲಿ ಕೂತು ಅಜ್ಜ ಕುಟ್ಟಿದ್ದೇ ಕುಟ್ಟಿದ್ದು! ಕಿಡಿ ಬಿದ್ದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಮೂಡುತ್ತಿತ್ತು, ಆರುತ್ತಿತ್ತು. ಬೀಡಿ ಇಲ್ಲದೆ ಮನೆಗೆ ಬಂದ ಅಜ್ಜ ರಾತ್ರಿ ಉಂಡದ್ದೂ ಮುಖ ಗಂಟಿಕ್ಕಿಕೊಂಡೇ. ಬೂದಿಯಲ್ಲಿರುವ ಪೊಟ್ಯಾಶಿಯಂ ಹತ್ತಿಯ ಕೆಂಡ ಹರಡಲು ಇಂಬು ಕೊಡುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಗಿರಣಿಯ ಲ್ಯಾಬಿನಲ್ಲಿ.

ಈಗ ಅಮೆರಿಕಕ್ಕೆ ಬನ್ನಿ. ಸಿಗರೇಟು ಸೋಫಾಕ್ಕೆ ಬೆಂಕಿ ಹಚ್ಚುತ್ತದೋ ಇಲ್ಲವೋ ಎಂದು ಅಳೆಯಲು 1993ರಲ್ಲಿ ಅಲ್ಲಿನ ಸರ್ಕಾರದ ಅಳತೆ-ಮಾನಕ ಸಂಸ್ಥೆ ನಿಸ್ಟ್ ಒಂದು ವಿಧಾನ ಕೊಟ್ಟಿತು. ಫೋಮಿನ ಮೇಲೆ ಬೇರೆ ಬೇರೆ ದಪ್ಪದ, 4, 6, 10ನೇ ನಂಬರಿನ ಹತ್ತಿ ಕ್ಯಾನ್ವಾಸು, ಅದರ ಮೇಲೆ ಉರಿಯುವ ಸಿಗರೇಟು. ಪರೀಕ್ಷೆ ಸಿಗರೇಟಿಗೆ, ಸರಿ. ಬಟ್ಟೆಯನ್ನು ಯಾರು ಪರೀಕ್ಷಿಸಬೇಕು? ಹತ್ತಿಯಲ್ಲಿ ಪೊಟ್ಯಾಶಿಯಂ ಹುಟ್ಟಿನಿಂದಲೇ ಇರುತ್ತದೆ. ಹೊಲ, ಮಳೆ, ಗಿರಣಿಯ ತೊಳೆತ ನೋಡಿಕೊಂಡು ಹೆಚ್ಚು ಕಡಿಮೆಯಾಗುತ್ತದೆ. ನೂಲಿನ ದಪ್ಪ, ನೇಯ್ಗೆಯ ಬಿಗಿ ಬೇರೆ. ಅದೇ ಸಿಗರೇಟು ಒಂದು ತಾನಿನಲ್ಲಿ ಪಾಸು, ಇನ್ನೊಂದರಲ್ಲಿ ಫೇಲು ಆಗಬಹುದು.

ತಂಬಾಕು ಉದ್ಯಮದವರು ಇದನ್ನೇ ಹಿಡಿದು ಪರೀಕ್ಷೆಯನ್ನೇ ಪ್ರಶ್ನಿಸಿದರು. ಬಟ್ಟೆಯ ದೋಷ ನಿಜ, ನಾನೂ ಒಪ್ಪುತ್ತೇನೆ. ಅದಕ್ಕೆ ಪರೀಕ್ಷೆ ಬೇಡವೆಂದರೆ ಮಾತ್ರ ಒಪ್ಪಲಾರೆ. ತೂಕದ ಕಲ್ಲು ಸವೆದರೆ ನಮ್ಮ ಮಂಡಿಯವರು ಅಂಗಡಿ ಮುಚ್ಚುತ್ತಾರೆಯೇ? ಕಲ್ಲು ಬದಲಿಸುತ್ತಾರೆ. ಮೊದಲು ಬಟ್ಟೆಯನ್ನು ಅಳೆಯಿರಿ!

ಮಾನಕಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ 2002ರ ವಿಧಾನದಲ್ಲಿ ಕ್ಯಾನ್ವಾಸು ಹೋಗಿ ಫಿಲ್ಟರ್ ಪೇಪರ್, ಅಂದರೆ ಲ್ಯಾಬಿನ ಸೋಸುಕಾಗದ, ಬಂತು. ಅದರ ಮೇಲೆ 40 ಸಿಗರೇಟು ಒಂದೊಂದಾಗಿ ಹಚ್ಚಿ ಇಡುತ್ತಾರೆ. 2004ರಿಂದ ನ್ಯೂಯಾರ್ಕಿನ ಕಾನೂನಿನಂತೆ ಕಡೆತನಕ ಉರಿಯುವವು ಶೇ. 25 ಮೀರಬಾರದು. 10 ಉರಿದರೆ ಪಾಸು, 11 ಉರಿದರೆ ಫೇಲು. ಒಂದೇ ಒಂದು ಸಿಗರೇಟಿನ ಅಂತರದಲ್ಲಿ ತೀರ್ಪು ನಿಂತಿರುವಾಗ ಕೆಳಗಿನ ಹಾಸು ಚಂಚಲವಾಗಿದ್ದರೆ ನಡೆಯುವುದಿಲ್ಲ, ಹಾಗಾಗಿ ಕಾಗದ ಒಳ್ಳೆಯದೇ. ಆದರೆ ಫಿಲ್ಟರ್ ಪೇಪರಿನ ಮೇಲೆ ಯಾರೂ ಮಲಗುವುದಿಲ್ಲ. ನಾವು ಮಲಗುವುದು ಹತ್ತಿ ಹಾಸಿಗೆಯ ಮೇಲೆ. ಅದಕ್ಕೇ ಮತ್ತೆ ಹೇಳುತ್ತೇನೆ, ಬಟ್ಟೆಯನ್ನು ಅಳೆಯಿರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತೇವದ ವಿಷಯ ಬಿಡುತ್ತೇನೆ, ಫೋಮಿನದ್ದೂ ಬಿಡುತ್ತೇನೆ. ಮೇಜಿನ ಮೇಲೆ ಒಂದೇ ತಾನಿನ ಎರಡು ಕ್ಯಾನ್ವಾಸ್ ತುಂಡುಗಳಿವೆ. ಒಂದನ್ನು ಬಿಸಿನೀರಲ್ಲಿ ಮೂರು ಸಲ ಜಾಲಿಸಿ ಒಣಗಿಸಿದ್ದೇನೆ. ಬೆಳಿಗ್ಗೆ ಎರಡರ ಮೇಲೂ ಒಂದೇ ಪ್ಯಾಕಿನ ಸಿಗರೇಟು ಇಟ್ಟಿದ್ದೆ. ತೊಳೆಯದ್ದರಲ್ಲಿ ಬೆರಳು ತೂರುವಷ್ಟು ತೂತು, ಅಂಚಿನಲ್ಲಿ ಇನ್ನೂ ಕರಕಲು ವಾಸನೆ. ತೊಳೆದದ್ದರಲ್ಲಿ ಒಂದು ಕಂದು ಗೆರೆ, ಅಷ್ಟೇ. ಹೋಗುವಾಗ ಮುಟ್ಟಿ ನೋಡಿ.