ಗೇಮ್ ಪಾಸ್ ಮಾಡಿಸಬೇಕಾ, ಗೇಮ್ ಕೊಳ್ಳಬೇಕಾ? ಮೊದಲು ಡೌನ್‌ಲೋಡ್ ಲೆಕ್ಕ ಹಾಕಿ

[ನೇರವಾಗಿ ಕ್ಯಾಮೆರಾಗೆ]

ನಮಸ್ಕಾರ ಎಲ್ಲರಿಗೂ. ಗೇಮ್‌ಗಳ ಬಗ್ಗೆ ವಿಡಿಯೋ ಹಾಕಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ತಿಂಗಳು ತಿಂಗಳು ಕಟ್ಟಿ ಗೇಮ್ ಪಾಸ್ ಮಾಡಿಸಿದರೆ ಲಾಭನಾ, ಇಲ್ಲ ಬೇಕಾದ ಗೇಮ್ ಕೊಂಡುಬಿಟ್ಟರೆ ಲಾಭನಾ?" ಕೇಳುವವರಲ್ಲಿ ಜಾಸ್ತಿ ಜನ ಇಲ್ಲೇ ತುಮಕೂರಿನಲ್ಲಿ ಹಾಸ್ಟೆಲ್ಲು, ಪಿಜಿಯಲ್ಲಿದ್ದು ಓದುತ್ತಿರುವವರು. ಮನೆಯಿಂದ ಬರುವ ದುಡ್ಡಲ್ಲೇ ಇದನ್ನೂ ತೂಗಿಸಬೇಕು. ಇದರ ಬಗ್ಗೆ ನೂರಾರು ವಿಡಿಯೋ ಇವೆ, ನಿಜ. ಆದರೆ ಅವೆಲ್ಲ ವೇಗದ ನೆಟ್ಟು, ಬೇಕಾದಷ್ಟು ಬಿಡುವು ಇರುವವರ ಲೆಕ್ಕ. ನಮ್ಮ ಲೆಕ್ಕ ಬೇರೆ.

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಎಕ್ಸ್‌ಬಾಕ್ಸ್ ಗೇಮ್ ಪಾಸ್ 2017ರ ಜೂನ್‌ನಲ್ಲಿ ಶುರುವಾಯಿತು. ಸೋನಿಯವರ ಪ್ಲೇಸ್ಟೇಷನ್ ಪ್ಲಸ್ 2010ರಿಂದಲೇ ಇತ್ತು, 2022ರಲ್ಲಿ ಅದನ್ನು ಮೂರು ಪ್ಲ್ಯಾನ್ ಮಾಡಿದರು. ನಮ್ಮ ದೇಶದಲ್ಲಿ ಅವು ಎಸೆನ್ಷಿಯಲ್, ಎಕ್ಸ್‌ಟ್ರಾ, ಡೀಲಕ್ಸ್. ಇದಲ್ಲದೆ ಇಎ ಪ್ಲೇ ಇದೆ, ಯೂಬಿಸಾಫ್ಟ್ ಪ್ಲಸ್ ಇದೆ. ಫೋನಿಗೆ ಆಪಲ್ ಆರ್ಕೇಡ್, ಗೂಗಲ್ ಪ್ಲೇ ಪಾಸ್. ಎಲ್ಲವೂ ನಡೆಯುವುದು ಒಂದೇ ರೀತಿ. ದುಡ್ಡು ಕಟ್ಟುತ್ತಿರುವಷ್ಟು ದಿನ ಪಟ್ಟಿಯಲ್ಲಿರುವ ಯಾವ ಗೇಮ್ ಬೇಕಾದರೂ ಆಡಬಹುದು. ಕಟ್ಟುವುದು ನಿಂತರೆ ಒಂದೂ ತೆರೆಯುವುದಿಲ್ಲ.

[ದೃಶ್ಯ: ತುಮಕೂರು ರೈಲ್ವೆ ಸ್ಟೇಷನ್, ಬೆಳಗಿನ ಹೊತ್ತು]

ಇದು ನಮ್ಮ ಊರಿನವರಿಗೆ ಹೊಸದೇನಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಟ್ರೈನ್ ಹತ್ತುವವರನ್ನು ನೋಡಿ. ದಿನಾ ಹೋಗಿ ಬರುವವರು ತಿಂಗಳ ಪಾಸ್ ಮಾಡಿಸಿರುತ್ತಾರೆ. ವಾರಕ್ಕೊಮ್ಮೆ ಹೋಗುವವರು ಕೌಂಟರ್‌ನಲ್ಲಿ ಟಿಕೆಟ್ ತಗೋತಾರೆ. ಪಾಸ್ ಒಳ್ಳೆಯದಾ, ಟಿಕೆಟ್ ಒಳ್ಳೆಯದಾ ಅಂತ ಅಲ್ಲಿ ಯಾರೂ ಜಗಳ ಆಡುವುದಿಲ್ಲ. ತಿಂಗಳಿಗೆ ಎಷ್ಟು ದಿನ ಹೋಗುತ್ತೇನೆ ಅಂತ ಎಣಿಸುತ್ತಾರೆ, ಅಷ್ಟೇ. ದಸರಾ ರಜೆ ಬಂದ ತಿಂಗಳು ಪಾಸ್ ಮಾಡಿಸಬೇಕಾ ಬೇಡವಾ ಅಂತ ಎರಡು ಸಲ ಯೋಚಿಸುತ್ತಾರೆ. ಯಾಕೆಂದರೆ ನೀವು ಮನೆಯಲ್ಲಿ ಮಲಗಿದ್ದರೂ ಪಾಸಿನ ದಿನ ಓಡುತ್ತಲೇ ಇರುತ್ತದೆ.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ದಿನ ಓಡುತ್ತಲೇ ಇರುತ್ತದೆ. ಇಡೀ ವಿಡಿಯೋದ ವಿಷಯ ಇದೇ.

[ಪರದೆಯಲ್ಲಿ: ₹829 → ₹1,389]

ಮೊದಲು ರೇಟು. 2025ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ಎಲ್ಲಕ್ಕಿಂತ ದೊಡ್ಡ ಪ್ಲ್ಯಾನ್ ಅಲ್ಟಿಮೇಟ್ ಬೆಲೆ ಅಮೆರಿಕದಲ್ಲಿ 19.99 ಡಾಲರ್‌ನಿಂದ 29.99 ಡಾಲರ್‌ಗೆ ಏರಿತು. ನಮ್ಮಲ್ಲಿ ತಿಂಗಳಿಗೆ 829 ರೂಪಾಯಿ ಇದ್ದದ್ದು 1,389 ಆಯಿತು. ಆ ರೇಟಿನಲ್ಲಿ ವರ್ಷಕ್ಕೆ 16,668 ರೂಪಾಯಿ. ಪ್ಲೇಸ್ಟೇಷನ್ 5ಕ್ಕೆ ಸೋನಿಯವರ ಹೊಸ ದೊಡ್ಡ ಗೇಮಿನ ಡಿಸ್ಕ್ ಬಂದರೆ ಸಾಮಾನ್ಯವಾಗಿ 4,999 ರೂಪಾಯಿ. ಮೂರು ಡಿಸ್ಕ್ ಕೊಂಡರೆ 14,997. ಅಂದರೆ ವರ್ಷವಿಡೀ ಪಾಸ್ ಇಟ್ಟುಕೊಳ್ಳುವ ದುಡ್ಡಿಗೆ ಹೊಚ್ಚ ಹೊಸ ಗೇಮ್ ಮೂರು ಬಂದು ಕೈಯಲ್ಲಿ ಇನ್ನೂ 1,671 ರೂಪಾಯಿ ಉಳಿಯುತ್ತದೆ. ಆಡಿ ಮುಗಿಸಿದ ಡಿಸ್ಕ್ ಮಾರಿದರೆ ಮತ್ತಷ್ಟು ದುಡ್ಡು ವಾಪಸ್. ಹಾಗಂತ ಈಗಲೇ "ಕೊಳ್ಳೋದೇ ಲಾಭ" ಅಂತ ಬರೆದುಕೊಳ್ಳಬೇಡಿ. ವರ್ಷಕ್ಕೆ ಹತ್ತು ಹದಿನೈದು ಗೇಮ್ ನಿಜವಾಗಿ ಆಡುವವರಿಗೆ ಪಾಸ್ ಈಗಲೂ ಸೋವಿ. ಆದರೆ ಅಷ್ಟು ಆಡಲು ಆಗುತ್ತದಾ?

ಇಲ್ಲಿ ಎಲ್ಲರೂ ಟೈಮ್ ಬಗ್ಗೆ ಮಾತಾಡುತ್ತಾರೆ. ನಾನು ಅದಕ್ಕಿಂತ ಮೊದಲಿನ ಒಂದು ವಿಷಯ ಹೇಳಬೇಕು.

[ಪರದೆಯಲ್ಲಿ: 100 ÷ 2 = 50]

ಡೌನ್‌ಲೋಡ್. ಈಗಿನ ದೊಡ್ಡ ಗೇಮ್ ಒಂದು 100 ಜಿಬಿ ಅಂತ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವುದು ಫೋನಿನ ಹಾಟ್‌ಸ್ಪಾಟ್, ದಿನಕ್ಕೆ 2 ಜಿಬಿ ಪ್ಯಾಕ್. ವಾಟ್ಸಾಪ್ ಬೇಡ, ರೀಲ್ಸ್ ಬೇಡ, ಯುಪಿಐ ಕೂಡ ಬೇಡ, ಇರುವ ಡೇಟಾ ಪೂರ್ತಿ ಗೇಮಿಗೇ ಹಾಕಿದಿರಿ. ಆಗಲೂ 50 ದಿನ ಬೇಕು. ನೀವು ಮಾಡಿಸಿರುವ ಪಾಸ್ ಎಷ್ಟು ದಿನದ್ದು? ಒಂದು ತಿಂಗಳು. ಗೇಮ್ ಪೂರ್ತಿ ಇಳಿಯುವ ಮೊದಲೇ ಪಾಸ್ ಮುಗಿದಿರುತ್ತದೆ! ಒಂದು ನಿಮಿಷವೂ ಆಡದೆ ಎರಡನೇ ತಿಂಗಳ ದುಡ್ಡು ಕಟ್ಟಬೇಕು.

ರೆಡ್ ಡೆಡ್ ರಿಡೆಂಪ್ಶನ್ 2 ತಗೊಳ್ಳಿ. ಪಿಸಿಯಲ್ಲಿ ಅದಕ್ಕೆ ಕಂಪನಿಯವರೇ ಹೇಳಿರುವ ಜಾಗ 150 ಜಿಬಿ. ಅಷ್ಟನ್ನೂ ಇಳಿಸಬೇಕಾದರೆ ಇದೇ ಪ್ಯಾಕಿನಲ್ಲಿ 75 ದಿನ. ಹಾಲೋ ನೈಟ್ 9 ಜಿಬಿ, ಐದು ದಿನಕ್ಕೆ ಬಂತು. ಸ್ಟಾರ್‌ಡ್ಯೂ ವ್ಯಾಲಿ, ಒಬ್ಬನೇ ಮನುಷ್ಯ ಕೂತು ಮಾಡಿದ ಬೇಸಾಯದ ಗೇಮ್, ಬರೀ 500 ಎಂಬಿ. ಒಂದು ದಿನದ ಡೇಟಾದಲ್ಲಿ ಕಾಲು ಭಾಗ. ಊಟ ಮುಗಿಸಿ ಬರುವಷ್ಟರಲ್ಲಿ ಇಳಿದಿರುತ್ತದೆ.

ಫೈಬರ್ ಇರುವ ಕಡೆ ಬೇರೆ ಮಾತು. 40 ಎಂಬಿಪಿಎಸ್ ಸರಿಯಾಗಿ ಬಂದರೆ ಅದೇ 100 ಜಿಬಿ ಹೆಚ್ಚೂಕಮ್ಮಿ ಐದೂವರೆ ಗಂಟೆ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ರೆಡಿ. 5ಜಿ ಅನ್‌ಲಿಮಿಟೆಡ್ ಸಿಗ್ನಲ್ ಚೆನ್ನಾಗಿರುವ ಕಡೆಯೂ ಪರವಾಗಿಲ್ಲ. ಆದರೆ ನಮ್ಮ ಹುಡುಗ ಹುಡುಗಿಯರ ಪರಿಸ್ಥಿತಿ ಏನು? ಪಿಜಿಯಲ್ಲಿ ವೈಫೈ ಇರುತ್ತದೆ, ಆಡಲು ಟೈಮ್ ಇರುವುದಿಲ್ಲ. ಇಂಟರ್ನಲ್ಸ್, ಲ್ಯಾಬು, ರೆಕಾರ್ಡ್ ಬರೆಯುವುದು. ಟೈಮ್ ಸಿಗುವುದು ಸೆಮಿಸ್ಟರ್ ರಜೆಯಲ್ಲಿ. ರಜೆಯಲ್ಲಿ ಹೋಗುವುದು ಪಾವಗಡದ ಹತ್ತಿರದ ಹಳ್ಳಿಗೋ, ಮಧುಗಿರಿ, ಕೊರಟಗೆರೆ ಕಡೆಗೋ. ಅಲ್ಲಿ ಬಹಳ ಮನೆಗಳಲ್ಲಿ ಇರುವುದು ಫೋನಿನ ನೆಟ್ ಮಾತ್ರ, ಅದೂ ಮಾಳಿಗೆ ಮೇಲೆ ಹೋದರೆ ಸಿಗುವಂಥದ್ದು. ವೇಗದ ನೆಟ್ ಇರುವ ಕಡೆ ಬಿಡುವಿಲ್ಲ, ಬಿಡುವಿರುವ ಕಡೆ ನೆಟ್ ಇಲ್ಲ.

ಕೊಂಡ ಗೇಮಿಗೆ ಈ ಆತುರ ಇಲ್ಲ. ಇವತ್ತು 2 ಜಿಬಿ, ನಾಳೆ 2 ಜಿಬಿ, ಕರೆಂಟ್ ಹೋದರೆ ನಾಡಿದ್ದು. ಎರಡು ತಿಂಗಳಾದರೂ ಅದು ನಿಮ್ಮ ಅಕೌಂಟಿನಲ್ಲೇ ಇರುತ್ತದೆ. ಇಳಿದ ಮೇಲೆ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಆಫ್‌ಲೈನ್ ಮೋಡ್‌ನಲ್ಲಿ ಒಬ್ಬರೇ ಆಡುವ ಬಹಳಷ್ಟು ಗೇಮ್‌ಗಳನ್ನು ನೆಟ್ ಇಲ್ಲದೆಯೂ ಆಡಬಹುದು. ಪಾಸಿನ ಗೇಮ್ ಹಾಗಲ್ಲ, ಚಂದಾ ಇನ್ನೂ ಇದೆಯಾ ಅಂತ ನೋಡಲು ಆಗಾಗ ನೆಟ್ ಕೇಳುತ್ತದೆ. ನೆಟ್ ಕಮ್ಮಿ ಇರುವವರಿಗೆ ತಿಂಗಳ ಚಂದಾ ದುಬಾರಿ ಬೀಳುತ್ತದೆ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಬೆಂಗಳೂರಿನವರೂ ಅಷ್ಟೇ ದುಡ್ಡು ಕೊಡುತ್ತಾರೆ, ಪಾವಗಡದವರೂ ಅಷ್ಟೇ ದುಡ್ಡು ಕೊಡುತ್ತಾರೆ. ಕೈಗೆ ಸಿಗುವ ಆಟ ಮಾತ್ರ ಒಂದೇ ಅಲ್ಲ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

[ಪರದೆಯಲ್ಲಿ: 2020ರ ಮೇ ತಿಂಗಳ ಕ್ಯಾಲೆಂಡರ್, 7 ಮತ್ತು 14ಕ್ಕೆ ಗುರುತು]

ಈಗ ನನಗೆ ತುಂಬಾ ಇಷ್ಟವಾದ ಒಂದು ಕಥೆ. 2020ರ ಜನವರಿಯಲ್ಲಿ ಜಿಟಿಎ 5 ಎಕ್ಸ್‌ಬಾಕ್ಸ್ ಕನ್ಸೋಲ್‌ನ ಗೇಮ್ ಪಾಸ್‌ಗೆ ಬಂತು. ಜನ ಖುಷಿಯಿಂದ ಶುರು ಮಾಡಿದರು. ಮೇ 7ಕ್ಕೆ ಅದು ಪಟ್ಟಿಯಿಂದ ಹೋಯಿತು. ಅದರ ಜಾಗಕ್ಕೆ ಅದೇ ದಿನ ರೆಡ್ ಡೆಡ್ 2 ಬಂತು. ಅದೂ ಸೆಪ್ಟೆಂಬರ್‌ನಲ್ಲಿ ಹೋಯಿತು. ಅಂಥ ದೊಡ್ಡ ಗೇಮಿಗೆ ಸಿಕ್ಕಿದ್ದು ನಾಲ್ಕು ತಿಂಗಳು. ನಾವು ಕತೆ, ಕುದುರೆ, ಬೇಟೆ ಅಂತ ನಿಧಾನವಾಗಿ ಅಲೆಯುತ್ತಾ ಆಡುವವರು. ಅರ್ಧಕ್ಕೆ ಬಂದಿರುವಾಗ ಗೇಮೇ ಹೋದರೆ ಹೇಗಾಗುತ್ತದೆ ಹೇಳಿ.

ಆದರೆ ಮಜಾ ಇರುವುದು ಮುಂದಿನ ವಾರದಲ್ಲಿ. ಗೇಮ್ ಪಾಸ್‌ನಿಂದ ಜಿಟಿಎ 5 ಹೋಗಿ ಸರಿಯಾಗಿ ಒಂದು ವಾರಕ್ಕೆ, ಮೇ 14ರಂದು, ಎಪಿಕ್ ಗೇಮ್ಸ್ ಸ್ಟೋರ್ ಅದೇ ಗೇಮನ್ನು ಪಿಸಿಯವರಿಗೆ ಪೂರ್ತಿ ಉಚಿತವಾಗಿ ಕೊಟ್ಟಿತು. ಬಾಡಿಗೆಗಲ್ಲ, ಅಕೌಂಟಿಗೇ ಸೇರಿಸಿಕೊಳ್ಳುವ ಹಾಗೆ. ನುಗ್ಗಿದ ಜನ ನೋಡಿ ಆ ವೆಬ್‌ಸೈಟೇ ಕೂತುಬಿಟ್ಟಿತು. ಅವತ್ತು ತಗೊಂಡವರ ಹತ್ತಿರ ಅದು ಈಗಲೂ ಇದೆ. ಒಂದು ಕಡೆ ತಿಂಗಳು ತಿಂಗಳು ದುಡ್ಡು ಕಟ್ಟಿದವರ ಕೈಯಿಂದ ಗೇಮ್ ಹೋಯಿತು, ಇನ್ನೊಂದು ಕಡೆ ಒಂದು ಪೈಸೆ ಕೊಡದವರಿಗೆ ಅದೇ ಗೇಮ್ ಸಿಕ್ಕಿತು. ನಡುವೆ ಬರೀ ಒಂದು ವಾರ. ಎಪಿಕ್‌ನವರು ಈಗಲೂ ವಾರ ವಾರ ಉಚಿತ ಗೇಮ್ ಕೊಡುತ್ತಾರೆ. ಗುರುವಾರ ರಾತ್ರಿ ಒಂದು ಸಲ ಹೋಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆಗ ಇಳಿಸಲೇಬೇಕು ಅಂತಿಲ್ಲ, ಸುಮ್ನೆ ಅಕೌಂಟಿಗೆ ಸೇರಿಸಿಟ್ಟರೆ ಸಾಕು.

ಕೊಂಡದ್ದು ಮಾತ್ರ ಶಾಶ್ವತನಾ? ಅದೂ ಇಲ್ಲ. ಯೂಬಿಸಾಫ್ಟ್‌ನ ದಿ ಕ್ರ್ಯೂ ಅನ್ನೋ ಕಾರ್ ರೇಸ್ ಗೇಮ್ 2014ರಲ್ಲಿ ಬಂತು. ಒಬ್ಬರೇ ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೂ ಗೇಮ್ ಹೋಯಿತು. ಇದನ್ನು ನೋಡಿ ರಾಸ್ ಸ್ಕಾಟ್ ಅನ್ನುವವರು "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿ ಶುರು ಮಾಡಿದರು. 2025ರ ಜುಲೈನಲ್ಲಿ ಯುರೋಪಿನಲ್ಲಿ ಅದಕ್ಕೆ 10 ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕಾನೂನೇ ಬಂದಿದೆ: ಮಾರುತ್ತಿರುವುದು ಬರೀ ಲೈಸೆನ್ಸ್ (ಆಡುವ ಅನುಮತಿ ಮಾತ್ರ) ಆದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು. ಈಗ ಸ್ಟೀಮ್‌ನಲ್ಲಿ ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಕಾಣುತ್ತದೆ, ಓದಿ. ಇಂಥ ಕಾನೂನು ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ. ನಿಜವಾಗಲೂ ನಿಮ್ಮದಾಗಿ ಉಳಿಯಬೇಕು ಅಂದರೆ ಎರಡು ದಾರಿ. ಒಂದು, ನೆಟ್ ಇಲ್ಲದೆ ಓಡುವ ಗೇಮಿನ ಡಿಸ್ಕ್. ಇನ್ನೊಂದು, ಜಿಒಜಿ ಥರದ ಅಂಗಡಿ. ಅಲ್ಲಿ ಇನ್‌ಸ್ಟಾಲ್ ಫೈಲನ್ನೇ ಕೊಡುತ್ತಾರೆ, ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಬಹುದು.

[ದೃಶ್ಯ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಹಬೆ ಏಳುತ್ತಿರುವುದು]

ಹಾಗಾದರೆ ಪಾಸ್ ಯಾವಾಗ ಮಾಡಿಸಬೇಕು? ವೆನ್ಬಾ ಥರದ ಗೇಮ್‌ಗಳಿಗೆ. 1980ರ ದಶಕದಲ್ಲಿ ಕೆನಡಾಗೆ ಹೋದ ಒಂದು ತಮಿಳು ಕುಟುಂಬದ ಕಥೆ. ಬಂದೂಕಿಲ್ಲ, ಕಾರಿಲ್ಲ. ಅಮ್ಮ ಕೊಟ್ಟ ಹಳೇ ಅಡುಗೆ ಪುಸ್ತಕ, ಅಲ್ಲಲ್ಲಿ ಅಳಿಸಿಹೋದ ಸಾಲುಗಳು, ಅದನ್ನು ನೋಡಿ ಇಡ್ಲಿ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಾಗ ಹಬೆ ಮೇಲಿನವರೆಗೆ ಬರಬೇಕಲ್ವಾ, ಅದೇ ಅಲ್ಲಿನ ಪಜಲ್. ನಮ್ಮ ಮನೆಯ ಅಜ್ಜಿಯರು ಒಂದೇ ಏಟಿಗೆ ಬಿಡಿಸುತ್ತಾರೆ. ಎರಡು ಗಂಟೆಯೊಳಗೆ ಮುಗಿಯುವ ಗೇಮ್, ಅಮೆರಿಕದಲ್ಲಿ ಬೆಲೆ 14.99 ಡಾಲರ್. ಎರಡು ಗಂಟೆಗೆ ಅಷ್ಟು ಕೊಟ್ಟು ಕೊಳ್ಳಲು ನಮ್ಮಲ್ಲಿ ಬಹಳ ಜನ ಹಿಂದೆ ಮುಂದೆ ನೋಡುತ್ತಾರೆ. ಅದು 2023ರ ಜುಲೈ 31ಕ್ಕೆ ಬಿಡುಗಡೆಯಾದ ದಿನವೇ ಗೇಮ್ ಪಾಸ್‌ಗೂ ಬಂತು. ಚಿಕ್ಕದು, ಬೇಗ ಇಳಿಯುತ್ತದೆ, ಒಂದು ಸಂಜೆಗೆ ಮುಗಿಯುತ್ತದೆ, ಬಹಳ ದಿನ ಮನಸ್ಸಿನಲ್ಲಿ ಉಳಿಯುತ್ತದೆ. ಪಾಸ್‌ನ ನಿಜವಾದ ಬೆಲೆ ಇರುವುದು ಇಂಥವುಗಳಲ್ಲಿ. ಪಾಸ್ ಮಾಡಿಸಿ ಬರೀ ಕಾಲ್ ಆಫ್ ಡ್ಯೂಟಿ ಒಂದನ್ನೇ ಆಡುವವರು ಆ ಒಂದು ಗೇಮನ್ನು ಕೊಂಡುಬಿಡುವುದು ಮೇಲು.

ವಿಡಿಯೋ ಉದ್ದ ಆಗುತ್ತಿದೆ. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಬರೀ ಬಿಜಿಎಂಐ, ಫ್ರೀ ಫೈರ್ ಆಡುವವರಿಗೆ ಯಾವ ಪಾಸೂ ಬೇಡ, ಅವು ಉಚಿತವೇ. ಪ್ಲೇಸ್ಟೇಷನ್‌ನಲ್ಲಿ ಫ್ರೆಂಡ್ಸ್ ಜೊತೆ ಆನ್‌ಲೈನ್ ಫುಟ್‌ಬಾಲ್ ಆಡಬೇಕು ಅಂದರೆ ಡಿಸ್ಕ್ ಕೊಂಡಿದ್ದರೂ ಪ್ಲಸ್ ಬೇಕು, ಅದಕ್ಕೆ ಎಸೆನ್ಷಿಯಲ್ ಸಾಕು. ಅದರಲ್ಲಿ ತಿಂಗಳಿಗೆ ಸಿಗುವ ಗೇಮ್‌ಗಳನ್ನು ಆ ತಿಂಗಳೇ ಸೇರಿಸಿಕೊಳ್ಳಿ, ಆದರೆ ಚಂದಾ ಇರುವವರೆಗೆ ಮಾತ್ರ ಅವು ತೆರೆಯುತ್ತವೆ. ಸ್ಟೀಮ್‌ನಲ್ಲಿ ಕೊಳ್ಳುವವರು ಜೂನ್ ಕೊನೆ, ಡಿಸೆಂಬರ್ ಕೊನೆಯ ಸೇಲ್‌ವರೆಗೆ ಕಾಯಿರಿ. ಇಷ್ಟವಾಗದಿದ್ದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಫೋನಿನವರಿಗೆ ಪ್ಲೇ ಪಾಸ್ 2022ರಲ್ಲಿ ನಮ್ಮ ದೇಶಕ್ಕೆ ಬಂದಾಗ ತಿಂಗಳಿಗೆ 99 ರೂಪಾಯಿ, ಜಾಹೀರಾತಿನ ಕಾಟ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಓದುವ ಹುಡುಗರಿಗೆ ನನ್ನ ಲೆಕ್ಕ ಹೀಗೆ. ವರ್ಷಗಟ್ಟಲೆ ಆಡುವ ಒಂದೆರಡು ಗೇಮ್ ಸೇಲ್‌ನಲ್ಲಿ ಕೊಳ್ಳಿ. ಪಾಸ್ ಬೇಕೇ ಬೇಕು ಅನ್ನಿಸಿದರೆ ಪರೀಕ್ಷೆ ಮುಗಿದ ದಿನ ಒಂದೇ ತಿಂಗಳಿಗೆ ಮಾಡಿಸಿ. ಆಡಬೇಕಾದ್ದನ್ನು ಪಿಜಿ ವೈಫೈನಲ್ಲಿ ಇಳಿಸಿಕೊಂಡು ಆಮೇಲೆ ಊರಿನ ಬಸ್ ಹತ್ತಿ.

[ಪರದೆಯಲ್ಲಿ: ಯುಪಿಐ ಆ್ಯಪ್‌ನ ಆಟೋಪೇ ಪುಟ]

ಪಾಸ್ ಮಾಡಿಸಿದ ಅರ್ಧ ಗಂಟೆಯೊಳಗೇ ಒಂದು ಕೆಲಸ ಮಾಡಿ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ರಿನ್ಯೂವಲ್ ಆಫ್ ಮಾಡಿ. ಆಫ್ ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ಗೇಮ್‌ಗಳು ಓಡುತ್ತವೆ. ಯುಪಿಐನಲ್ಲಿ ಕಟ್ಟಿದ್ದರೆ ಆ್ಯಪ್ ತೆರೆದು ಆಟೋಪೇ ಪಟ್ಟಿಯಿಂದಲೂ ತೆಗೆದುಹಾಕಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ, 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು, ಬೇಡ ಅನ್ನುವ ಅವಕಾಶವೂ ಅದರಲ್ಲಿರಬೇಕು. ಆ ಮೆಸೇಜ್ ಬಂದಾಗ ಓದದೆ ಅಳಿಸಬೇಡಿ. ಅಪ್ಪನ ಕಾರ್ಡ್ ಹಾಕಿದ್ದರೆ ಅದು ಹೋಗುವುದು ಅಪ್ಪನ ಫೋನಿಗೆ, ಅವರಿಗೂ ಮೊದಲೇ ಹೇಳಿಡಿ.